ಪಾರ್ಸೆಲ್ ಕಟ್ಟುವ ಕೈ: ಅಮೃತಹಳ್ಳಿಯ ಒಂದು ಸಂಜೆ

ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳ ದಾಟಿ ವಿಮಾನ ನಿಲ್ದಾಣದ ಕಡೆ ಹೊರಟರೆ ಬಲಗಡೆ, ಬ್ಯಾಟರಾಯನಪುರಕ್ಕೆ ಅಂಟಿಕೊಂಡಂತೆ ಅಮೃತಹಳ್ಳಿ. ಮೇಲ್ಸೇತುವೆ ಹತ್ತಿ ಹೋಗುವವರಿಗೆ ಈ ಊರು ಕಣ್ಣಿಗೇ ಬೀಳುವುದಿಲ್ಲ. ಕೆಳಗೆ ಸರ್ವೀಸ್ ರಸ್ತೆಯಲ್ಲಿ ಬಂದು ಒಳಗೆ ತಿರುಗಿದವರಿಗೆ ಮಾತ್ರ ಗೊತ್ತು, ಸಂಜೆ ಏಳು ಗಂಟೆಗೆ ಇಲ್ಲಿನ ಮುಖ್ಯರಸ್ತೆಗೆ ಎಷ್ಟು ಹಸಿವು ಎಂದು. ದರ್ಶಿನಿ, ಆಂಧ್ರ ಮೆಸ್ಸು, ಬಿರಿಯಾನಿ ಅಂಗಡಿ, ಗೋಬಿ ಗಾಡಿ, ಶವರ್ಮಾ ಕೌಂಟರು, ಹೋಳಿಗೆ ಅಂಗಡಿ. ಎಲ್ಲದರ ಮುಂದೆಯೂ ಜನ. ಅಲ್ಲೇ ತಿನ್ನುವವರು ಕಡಿಮೆ, ಹೆಚ್ಚಿನವರು ಕಾಯುತ್ತಿರುವುದು ಪಾರ್ಸೆಲ್‌ಗೆ.

ಅಂಥದೊಂದು ದರ್ಶಿನಿಯ ಪಾರ್ಸೆಲ್ ಕೌಂಟರಿನ ಮಗ್ಗುಲಲ್ಲಿ ನಿಂತು ಒಂದು ಸಂಜೆ ಕಳೆದೆ. ಕೌಂಟರ್ ಎಂದರೆ ಒಬ್ಬ ಮನುಷ್ಯ ಎರಡೂ ಕೈ ಚಾಚಿದರೆ ಮುಗಿದುಹೋಗುವಷ್ಟು ಗ್ರಾನೈಟ್ ಕಲ್ಲು. ಅದರ ಮೇಲೆ ಚಟ್ನಿಯ ಬಕೆಟ್ಟು, ಸಾಂಬಾರಿನ ಪಾತ್ರೆ, ಒಂದರೊಳಗೊಂದು ಸೇರಿಸಿಟ್ಟ ಪ್ಲಾಸ್ಟಿಕ್ ಡಬ್ಬಿಗಳ ಗೋಪುರ, ಫಾಯಿಲ್ ಕವರು, ರಬ್ಬರ್ ಬ್ಯಾಂಡಿನ ಪೊಟ್ಟಣ. ಗೋಡೆಯ ಮೊಳೆಗೆ ಬಿಲ್ಲುಗಳನ್ನು ಚುಚ್ಚಿದ ಕಂಬಿ. ಪಕ್ಕದಲ್ಲಿ ಎರಡು ಮೊಬೈಲು; ಆರ್ಡರ್ ಬಿದ್ದಾಗಲೆಲ್ಲ ಅವು ಒಂದೇ ಸಮ ಕೂಗುತ್ತವೆ. ಇಷ್ಟರ ನಡುವೆ, ಹೊಳೆನರಸೀಪುರದ ಕಡೆಯ, ಐವತ್ತು ದಾಟಿದ ಒಬ್ಬರು. ಗಿರಾಕಿಗಳಿಗೆ ಇವರು ‘ಪಾರ್ಸೆಲ್ ಅಣ್ಣ’. ಹೆಸರು ಬರೆಯಬೇಡಿ ಎಂದರು, ಆದರೆ ಮಾತಿಗೆ ಮಾತ್ರ ಯಾವ ಕಡಿಮೆಯೂ ಮಾಡಲಿಲ್ಲ.

ಊರಿನ ಪೂರ್ವೇತಿಹಾಸವನ್ನು ಇಲ್ಲಿ ಚುಟುಕಾಗಿ ಹೇಳಿಬಿಡುತ್ತೇನೆ. ಈ ಸೀಮೆ ಹಳೆಯದು. ಪಕ್ಕದ ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ಅಂದರೆ ಸಾವಿರದಿನ್ನೂರು ವರ್ಷಕ್ಕೂ ಹಿಂದೆಯೇ ಇಲ್ಲಿ ಊರುಕೇರಿ, ಕೃಷಿ, ಕಾದಾಟ ಎಲ್ಲ ಇದ್ದವು. ಅಮೃತಹಳ್ಳಿ ತನ್ನ ಕೆರೆಯನ್ನು ನೆಚ್ಚಿಕೊಂಡಿದ್ದ ಹಳ್ಳಿ. 2007ರಲ್ಲಿ ಬ್ಯಾಟರಾಯನಪುರ ನಗರಸಭೆಯ ಜೊತೆ ಈ ಪ್ರದೇಶ ಬಿಬಿಎಂಪಿಗೆ ಸೇರಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಹತ್ತಿರ ಹೊಸ ವಿಮಾನ ನಿಲ್ದಾಣ ಶುರುವಾಯಿತು. ಈಚೆ ಬದಿಯಲ್ಲಿ ನಾಗವಾರದ ಮಾನ್ಯತಾ ಟೆಕ್ ಪಾರ್ಕ್ ಬೆಳೆದು ನಿಂತಿತು. ಈ ಎರಡರ ನಡುವೆ ಸಿಕ್ಕಿದ ಅಮೃತಹಳ್ಳಿಯಲ್ಲಿ ಹೊಲ ಹೋಗಿ ಸೈಟಾಯಿತು, ಸೈಟು ಹೋಗಿ ನಾಲ್ಕು ಅಂತಸ್ತಿನ ಪಿ.ಜಿ. ಆಯಿತು. ಪಿ.ಜಿ.ಯ ಊಟ ಹಿಡಿಸದವರು, ಅಡುಗೆ ಮನೆಯೇ ಇಲ್ಲದ ಒಂಟಿ ರೂಮಿನವರು, ಪಾಳಿ ಮುಗಿಸಿ ಹೊತ್ತಲ್ಲದ ಹೊತ್ತಲ್ಲಿ ಬರುವವರು, ಇವರನ್ನೆಲ್ಲ ಸಾಕುತ್ತಿರುವುದು ಈ ಪಾರ್ಸೆಲ್ ಕೌಂಟರುಗಳು.

ದರ್ಶಿನಿ ಎಂಬ ಪದ್ಧತಿಯೇ ನಮ್ಮ ಬೆಂಗಳೂರಿನದು. 1980ರ ದಶಕದಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಇದನ್ನು ರೂಪಿಸಿದರು. ಕುರ್ಚಿ ಇಲ್ಲ, ಮಾಣಿ ಇಲ್ಲ. ಮೊದಲು ದುಡ್ಡು ಕೊಟ್ಟು ಬಿಲ್ಲು ಪಡೆಯಬೇಕು, ಕೌಂಟರಿನಲ್ಲಿ ತೋರಿಸಿ ತಟ್ಟೆ ತಗೊಳ್ಳಬೇಕು, ಎದೆಮಟ್ಟದ ಟೇಬಲ್ಲಿನ ಮೇಲಿಟ್ಟು ನಿಂತೇ ತಿನ್ನಬೇಕು. ಅಡುಗೆ ಮನೆ ಗಿರಾಕಿಯ ಕಣ್ಣೆದುರಿಗೇ. ಕೂರಿಸಿ ಬಡಿಸುವ ಖರ್ಚು ಉಳಿದದ್ದರಿಂದ ತಿಂಡಿ ಅಗ್ಗವಾಯಿತು, ಸರದಿ ಬೇಗ ಬೇಗ ಕರಗಿತು. ಮಾವಳ್ಳಿ ಟಿಫಿನ್ ರೂಮ್ (1924), ಗಾಂಧಿಬಜಾರಿನ ವಿದ್ಯಾರ್ಥಿ ಭವನ (1943) ಮುಂತಾದ ಕೂತು ತಿನ್ನುವ ಹೋಟೆಲುಗಳ ಊರು ನಿಂತು ತಿನ್ನುವುದನ್ನೂ ಹೀಗೆ ಕಲಿಯಿತು. ಅಮೃತಹಳ್ಳಿಯಲ್ಲಿ ಈಗ ಮೂರನೆಯ ಅಧ್ಯಾಯ ನಡೆಯುತ್ತಿದೆ: ನಿಲ್ಲುವುದಕ್ಕೂ ಬಿಡುವಿಲ್ಲ, ಕಟ್ಟಿಕೊಡಿ.

“ಮೊದ್ಲು ಹತ್ತು ಜನ ಬಂದ್ರೆ ಎಂಟು ಜನ ಇಲ್ಲೇ ತಿನ್ನೋರು. ಈಗ ಲೆಕ್ಕ ತಿರುಗಾಮುರುಗಾ ಆಗಿದೆ,” ಎಂದರು ಪಾರ್ಸೆಲ್ ಅಣ್ಣ. ಬಾಯಿ ಮಾತಾಡುತ್ತಿದ್ದರೆ ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಡಬ್ಬಿಗೆ ಎರಡು ಇಡ್ಲಿ, ಮೇಲೊಂದು ವಡೆ, ಚಿಕ್ಕ ಡಬ್ಬಿಗೆ ಚಟ್ನಿ, ಕವರಿಗೆ ಸಾಂಬಾರು, ಮೇಲೊಂದು ರಬ್ಬರ್ ಬ್ಯಾಂಡು, ಎಲ್ಲ ಸೇರಿಸಿ ಬಟ್ಟೆಯಂಥ ಚೀಲಕ್ಕೆ. “ಹಿಂದೆ ಹೀಗಿರ್ಲಿಲ್ಲ ಸರ್. ಎಲೇಲಿ ಕಟ್ತಿದ್ವಿ.”

ಎಲೆಯಲ್ಲಿ ಕಟ್ಟುವುದನ್ನು ಒಮ್ಮೆ ತೋರಿಸಿ ಎಂದು ಕೇಳಿಕೊಂಡೆ. ಊಟದ ವಿಭಾಗದಿಂದ ಒಂದು ಬಾಳೆಎಲೆ ತರಿಸಿದರು. ನಡುವಿನ ದಪ್ಪ ನರವನ್ನು ಚಾಕುವಿನಿಂದ ಸವರಿ ತೆಗೆದರು. ಎಲೆಯನ್ನು ಒಲೆಯ ಉರಿಯ ಮೇಲೆ ಅತ್ತಿಂದಿತ್ತ ಒಮ್ಮೆ ಆಡಿಸಿದರು. ಹಸಿರು ಬಣ್ಣ ಗಾಢವಾಗಿ, ಎಲೆ ಮೆತ್ತಗಾಯಿತು. ಬಾಡಿಸದೆ ಮಡಿಸಿದರೆ ಹರಿದುಹೋಗುತ್ತದೆ ಎಂದರು. ಕೆಳಗೆ ಕಾಗದ, ಅದರ ಮೇಲೆ ಎಲೆ, ಎಲೆಯ ನಡುವೆ ಮೂರು ಇಡ್ಲಿ. ಎರಡು ಬದಿ ಒಳಕ್ಕೆ ಮಡಿಸಿ, ಮಿಕ್ಕೆರಡು ಬದಿಯನ್ನು ಕಿವಿ ಮಾಡಿ ಕೆಳಗೆ ಸೇರಿಸಿದರು. ದಾರ ಅಡ್ಡಕ್ಕೆ ಒಂದು ಸುತ್ತು, ಉದ್ದಕ್ಕೆ ಒಂದು ಸುತ್ತು. ಗಂಟು ಹಾಕಲೇ ಇಲ್ಲ. ದಾರದ ತುದಿಯನ್ನು ಸುತ್ತಿನ ಅಡಿಗೆ ಸೇರಿಸಿ, ಹೆಬ್ಬೆರಳಿಗೆ ಸುತ್ತಿಕೊಂಡು ಒಂದೇ ಜಗ್ಗು. ದಾರ ಟಪ್ಪೆಂದು ತುಂಡಾಯಿತು, ಪೊಟ್ಟಣ ಬಿಗಿಯಾಗಿ ಕೂತಿತು. ಇಷ್ಟಕ್ಕೂ ಹಿಡಿದದ್ದು ಮೂರು ಉಸಿರಿನ ಹೊತ್ತು. ಕೌಂಟರಿನ ಮುಂದೆ ನಿಂತಿದ್ದ ಹುಡುಗಿಯರಿಬ್ಬರು ಮೊಬೈಲ್ ಎತ್ತಿ ಅದನ್ನು ಚಿತ್ರೀಕರಿಸಿಕೊಂಡರು.

“ಈ ದಾರ ಮೇಲಿಂದ ಇಳಿಬಿಟ್ಟಿರ್ತಿತ್ತು ಸರ್, ಸೂರಿಗೆ ಉಂಡೆ ಕಟ್ಟಿ. ಕೈ ಎತ್ತಿದ್ರೆ ದಾರ. ಹುಡುಕೋ ಹಂಗಿಲ್ಲ. ನಾನು ಈ ಕೆಲಸಕ್ಕೆ ಬಂದಾಗ ಮೊದಲು ಕಲಿಸಿದ್ದೇ ದಾರ ಹರಿಯೋದನ್ನ. ಬೆರಳು ಕುಯ್ದುಕೊಂಡು ಕಲಿತಿದ್ದು. ಚಟ್ನಿ ಕೂಡ ಎಲೇಲೇ ಕಟ್ತಿದ್ವಿ, ಗಟ್ಟಿ ಚಟ್ನಿ ಆದ್ರೆ. ಒಂದು ಹನಿ ಸೋರ್ತಿರ್ಲಿಲ್ಲ. ಈಗಿನ ಹುಡುಗರಿಗೆ ಮುಚ್ಚಳ ಒತ್ತೋದು ಗೊತ್ತು, ಅಷ್ಟೇ. ಅವ್ರದೇನೂ ತಪ್ಪಿಲ್ಲ, ಡಬ್ಬಿ ಬಂದ್ಮೇಲೆ ಕಲಿಯೋಕೆ ಏನುಳೀತು?”

ಎಲೆ ಹೋದದ್ದಕ್ಕೆ ಕಾರಣಗಳು ಹಲವು. ಕೆ.ಆರ್. ಮಾರುಕಟ್ಟೆಯಿಂದ ಇಲ್ಲಿಯವರೆಗೆ ಎಲೆ ತರಿಸುವುದು ದುಬಾರಿ, ಬೇಸಿಗೆಯಲ್ಲಿ ಮಧ್ಯಾಹ್ನಕ್ಕೇ ಒಣಗಿ ಸೀಳುತ್ತದೆ. ಬೈಕಿನ ಹಿಂದಿನ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಪೇರಿಸಿದರೆ ಪೊಟ್ಟಣ ಅಪ್ಪಚ್ಚಿ, ಡಬ್ಬಿಗಾದರೆ ಭಯವಿಲ್ಲ. ಎಲೆಯ ಹೊರಗೆ ಸುತ್ತುತ್ತಿದ್ದ ಹಳೆಯ ಪತ್ರಿಕೆ ಹೋದದ್ದಂತೂ ಒಳ್ಳೆಯದೇ ಆಯಿತು. ಮುದ್ರಣದ ಮಸಿ ಬಿಸಿ ಆಹಾರಕ್ಕೆ ಇಳಿಯುತ್ತದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೂ 2023ರಲ್ಲೂ ಎಚ್ಚರಿಸಿದೆ. ಪತ್ರಿಕೆಯಲ್ಲೇ ಇದನ್ನು ಬರೆಯುತ್ತಿದ್ದೇನೆ, ಆದರೂ ಹೇಳಬೇಕಾದ ಮಾತು: ಸುದ್ದಿ ಓದಲಿಕ್ಕಿರಲಿ, ಇಡ್ಲಿಗೆ ಬೇಡ.

ಆದರೆ ಪತ್ರಿಕೆಯ ಜಾಗಕ್ಕೆ ಬಂದದ್ದು ಯಾವುದು? ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ಸಾಮಾನುಗಳಿಗೆ ದೇಶದಾದ್ಯಂತ ನಿಷೇಧ ಬಂತು. 2025ರ ಫೆಬ್ರುವರಿಯಲ್ಲಿ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವುದು ಬಯಲಾಗಿ, ಆರೋಗ್ಯ ಇಲಾಖೆ ಅದನ್ನೂ ತಡೆಯಲು ಹೊರಟಿತು; ತಪಾಸಣೆ ಮಾಡಿದ 251 ಕಡೆಗಳ ಪೈಕಿ 52ರಲ್ಲಿ ಪ್ಲಾಸ್ಟಿಕ್ ಹಾಳೆ ಸಿಕ್ಕಿತ್ತು. ಇಷ್ಟೆಲ್ಲ ಆದ ಮೇಲೂ ಕುದಿಯುವ ಸಾಂಬಾರು ತೆಳ್ಳನೆಯ ಕವರಿನೊಳಗೇ ಇಳಿಯುತ್ತಿದೆ. ಇದು ಈ ಒಂದು ಅಂಗಡಿಯ ಕಥೆಯಲ್ಲ, ಆ ರಸ್ತೆಯುದ್ದಕ್ಕೂ ಕಂಡದ್ದು, ಬೆಂಗಳೂರಿನ ಯಾವ ರಸ್ತೆಯಲ್ಲೂ ಕಾಣುವುದು. ಅದನ್ನು ನೋಡುವಾಗ ನನಗೆ ನಿಜಕ್ಕೂ ಸಂಕಟವಾಯಿತು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬೇಳೆ ಬೇಯಿಸಿ, ಹುರಿದು ರುಬ್ಬಿ ಮಾಡಿದ ಸಾಂಬಾರಿನ ಗತಿ ಇದಾಗಬಾರದು.

ಇನ್ನು ಗಿರಾಕಿಗಳು. ಮಾನ್ಯತಾದಲ್ಲಿ ರಾತ್ರಿ ಪಾಳಿ ಮಾಡುವ, ಶಿವಮೊಗ್ಗದ ಕಡೆಯ ಯುವತಿಯೊಬ್ಬರು ದಿನವೂ ಎರಡು ಇಡ್ಲಿ, ಒಂದು ಖಾರಾಬಾತ್ ಕಟ್ಟಿಸಿಕೊಂಡು ಹೋಗುತ್ತಾರೆ. “ಇಡ್ಲಿ ತಣ್ಣಗಾದ್ರೂ ತಿನ್ನಬಹುದು. ವಡೆ ಮಾತ್ರ ಒಂದ್ಸಲ ತಗೊಂಡೋಗಿ ಸಾಕಾಯ್ತು, ಡಬ್ಬಿ ಒಳಗೇ ಬೆವತು ಸ್ಪಂಜಾಗಿತ್ತು,” ಎಂದರು. ತಲಕಾವೇರಿ ಲೇಔಟಿನ ಗೃಹಿಣಿಯೊಬ್ಬರ ತಕರಾರು ಚಟ್ನಿಯದ್ದು: ಇಲ್ಲಿ ನಿಂತು ತಿಂದರೆ ಮೂರು ಸಲ ಹಾಕುತ್ತಾರೆ, ಕಟ್ಟಿಸಿಕೊಂಡರೆ ಅಳತೆಯ ಡಬ್ಬಿ, ಮಕ್ಕಳಿಗೆ ಸಾಲುವುದಿಲ್ಲ. ಆಟೋ ಚಾಲಕರೊಬ್ಬರಿಗೆ ಸಿಟ್ಟು ಬಿಲ್ಲಿನ ಮೇಲೆ. “ತಿಂದ್ರೆ ತಟ್ಟೆ ತೊಳೀಬೇಕು, ನೀರು ಬೇಕು, ಟೇಬಲ್ ಒರೆಸೋಕೆ ಆಳು ಬೇಕು. ಕಟ್ಟಿಸ್ಕೊಂಡ್ರೆ ಅದ್ಯಾವ್ದೂ ಇಲ್ಲ. ಆದ್ರೂ ಪಾರ್ಸೆಲ್ ಅಂತ ಮೇಲೆ ಐದು ರೂಪಾಯಿ! ಯಾವ ನ್ಯಾಯ ಸ್ವಾಮಿ?” ಕ್ಯಾಶ್ ಕೌಂಟರಿನಲ್ಲಿದ್ದವರು ಡಬ್ಬಿಯ ಬೆಲೆ, ಚೀಲದ ಬೆಲೆ ಎಂದು ಲೆಕ್ಕ ಒಪ್ಪಿಸಿದರು. ಇಬ್ಬರದೂ ಸರಿಯೇ ಅನ್ನಿಸಿತು.

ಮಸಾಲೆ ದೋಸೆಯ ದೂರು ಎಲ್ಲರದೂ. ಹಂಚಿನಿಂದ ಎದ್ದ ದೋಸೆಯೊಳಗಿನ ಪಲ್ಯ ಹಬೆಯಾಡುತ್ತಿರುತ್ತದೆ. ಡಬ್ಬಿಯ ಮುಚ್ಚಳ ಹಾಕಿದ ಕೂಡಲೇ ಆ ಹಬೆಗೆ ಹೊರಹೋಗಲು ದಾರಿಯಿಲ್ಲ. ಮುಚ್ಚಳಕ್ಕೆ ತಗುಲಿ ನೀರಾಗಿ, ಹನಿ ಹನಿಯಾಗಿ ದೋಸೆಯ ಮೇಲೇ ಬೀಳುತ್ತದೆ. ಹತ್ತು ನಿಮಿಷದಲ್ಲಿ ಗರಿಗರಿ ಹೋಗಿ ಒದ್ದೆ ಚರ್ಮದ ಹಾಗಾಗುತ್ತದೆ. ಎಲೆ, ಕಾಗದದ ಪೊಟ್ಟಣದಲ್ಲಿ ಮಡಿಕೆಗಳ ಸಂದಿಯಿಂದ ಹಬೆ ಆಚೆ ಹೋಗುತ್ತಿತ್ತು, ಮಿಕ್ಕದ್ದನ್ನು ಕಾಗದ ಹೀರಿಕೊಳ್ಳುತ್ತಿತ್ತು. ಗರಿ ಆಗಲೂ ಪೂರ್ತಿ ಉಳಿಯುತ್ತಿರಲಿಲ್ಲ, ಆದರೆ ಬಾಳೆಎಲೆಯ ಬಾಡಿದ ಪರಿಮಳ ಸೇರಿ ಅದಕ್ಕೆ ಬೇರೆಯದೇ ರುಚಿ ಬರುತ್ತಿತ್ತು. ಪಾರ್ಸೆಲ್ ಅಣ್ಣ ತಮ್ಮದೇ ಉಪಾಯ ಕಂಡುಕೊಂಡಿದ್ದಾರೆ. ಡಬ್ಬಿಯ ಮುಚ್ಚಳಕ್ಕೆ ಚಾಕುವಿನ ತುದಿಯಿಂದ ಎರಡು ತೂತು. ಪಲ್ಯ ಬೇರೆ, ದೋಸೆ ಬೇರೆ. “ಕೆಲವ್ರು ಬೈತಾರೆ, ಡಬ್ಬಿ ತೂತಾಗಿದೆ ಅಂತ. ಯಾಕೆ ಅಂತ ಹೇಳೋಕೆ ನಾನೇ ಅವ್ರ ಮನೆಗೆ ಹೋಗಕ್ಕಾಗುತ್ತಾ?”

ಗಿರಾಕಿಗಳ ಸಾಲಿಗಿಂತ ಉದ್ದದ್ದು ಡೆಲಿವರಿ ಹುಡುಗರ ಸಾಲು. ರಸ್ತೆಯಂಚಿಗೆ ಬೈಕು ನಿಲ್ಲಿಸಿ, ಫೋನಿನ ಪರದೆ ಮುಂದೆ ಹಿಡಿದು, ನಂಬರು ಕೂಗುತ್ತಾರೆ. ಮುಖ್ಯರಸ್ತೆ ಇರುವುದೇ ಇಷ್ಟು. ಬೈಕುಗಳ ಸಾಲು, ತರಕಾರಿ ಗಾಡಿ, ಅಗೆದು ಮುಚ್ಚಿದ ಗುಂಡಿ, ನಡುವೆ ಬಿಎಂಟಿಸಿ ಬಸ್ಸು. ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣದ ಮೆಟ್ರೊ ಕಾಮಗಾರಿ ನಡೆದಿರುವುದರಿಂದ ಆ ಕಡೆಯ ವಾಹನಗಳೂ ಒಳದಾರಿ ಹುಡುಕಿ ಇತ್ತ ನುಗ್ಗುತ್ತವೆ. ಊರಿನ ಹಳಬರಿಗೆ ಈ ಹುಡುಗರ ಮೇಲೆ ಕೋಪ, ಮನೆ ಗೇಟಿಗೇ ಬೈಕು ಅಡ್ಡ ನಿಲ್ಲಿಸುತ್ತಾರೆಂದು. ಹುಡುಗರನ್ನು ಕೇಳಿದರೆ ಬೇರೆಯದೇ ಸಂಕಟ. ಕಲಬುರಗಿಯ ಕಡೆಯವನೊಬ್ಬ ಹೇಳಿದ: “ಎಲ್ಲಿ ನಿಲ್ಲೂಣು ಹೇಳ್ರಿ? ಒಳಗ ನಿಂತ್ರ ಗಿರಾಕಿಗೆ ಅಡ್ಡ ಆಗ್ತದ ಅಂತಾರ. ಹೊರಗ ನಿಂತ್ರ ಟ್ರಾಫಿಕ್‌ನವ್ರು ಫೋಟೊ ಹೊಡಿತಾರ. ಒಂದು ಬಾಕು ಹಾಕ್ಸಿದ್ರ ಸಾಕಿತ್ರಿ, ಕಾಲು ನೋಯ್ತಾವ.” ಇಂಥ ದುಡಿಮೆಗಾರರಿಗಾಗಿ ರಾಜ್ಯದಲ್ಲಿ 2025ರಲ್ಲಿ ಕಾಯ್ದೆ ಬಂದಿದೆ, ಕಂಪನಿಗಳಿಂದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಸಂಗ್ರಹಿಸಲು ಅದರಲ್ಲಿ ಅವಕಾಶವಿದೆ. ಆ ಹಣ ಬರುವಾಗ ಬರಲಿ. ಒಂದು ಬೆಂಚಿಗೆ ಕಾಯ್ದೆ ಬೇಕಿಲ್ಲ, ಅಂಗಡಿಯವರು ಮನಸ್ಸು ಮಾಡಿದರೆ ಸಾಕು.

ಅದೇ ಹುಡುಗನ ಬೆನ್ನಿನ ಚೀಲದಲ್ಲಿ ಆಗಲೇ ಇನ್ನೊಂದು ಪೊಟ್ಟಣವಿತ್ತು. ಬೇರೊಂದು ಅಡುಗೆ ಮನೆಯಿಂದ ಎತ್ತಿಕೊಂಡು, ಹೋಗುವ ದಾರಿಯಲ್ಲೇ ಇದೆಯೆಂದು ಇಲ್ಲಿನದನ್ನೂ ಒಯ್ಯಲು ಬಂದಿದ್ದ. ಏನದು ಎಂದೆ. “ಸುಶಿ ಅಂತರೀ. ತಣ್ಣನ್ನ ಅನ್ನ, ಅದರಾಗ ಮೀನು. ಇದೊಂದು ಆರ್ಡರ್ ಬಿದ್ರ ಅರಾಮ್ರಿ, ಆರಿ ಹೋಗ್ಯದ ಅಂತ ಯಾರೂ ಬೈಯಂಗಿಲ್ಲ.”

ಈ ಮಾತು ನನ್ನನ್ನು ಬಹಳ ಹೊತ್ತು ಬಿಡಲಿಲ್ಲ. ಸುಶಿಯೂ ಹುಟ್ಟಿನಿಂದ ಬುತ್ತಿಯ ಜಾತಿಯದೇ. ಮೀನನ್ನು ಅನ್ನದೊಳಗೆ ಹುದುಗಿಸಿ, ಹುಳಿ ಬರಿಸಿ, ತಿಂಗಳುಗಟ್ಟಲೆ ಕೆಡದಂತೆ ಇಡುವುದು ಅದರ ಹಳೆಯ ರೂಪ. ಜಪಾನಿನ ಬಿವಾ ಸರೋವರದ ಸುತ್ತ ಈಗಲೂ ಹಾಗೆ ಮಾಡುತ್ತಾರೆ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಎಡೊ ನಗರದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಅನ್ನಕ್ಕೆ ವಿನೆಗರ್ ಕಲಸಿ, ಉಂಡೆ ಒತ್ತಿ, ಮೇಲೆ ಮೀನಿನ ತುಂಡಿಟ್ಟು ಆಗಿಂದಾಗಲೇ ಕೊಡುವ ಪದ್ಧತಿ ಬೆಳೆಯಿತು. ಇದರ ಕೀರ್ತಿಯನ್ನು ಹನಾಯಾ ಯೊಹೇ ಎಂಬ ಅಡುಗೆಯವನಿಗೆ ಕೊಡುತ್ತಾರೆ. ಬೀದಿಬದಿಯ ಗಾಡಿಗಳ ಮುಂದೆ ಜನ ನಿಂತೇ ತಿನ್ನುತ್ತಿದ್ದರು, ತಿಂದು ಕೆಲಸಕ್ಕೆ ಹೋಗುತ್ತಿದ್ದರು. 1958ರಲ್ಲಿ ಒಸಾಕಾದ ಹತ್ತಿರ ಯೊಶಿಯಾಕಿ ಶಿರಾಯಿಶಿ ಎಂಬಾತ ಬಿಯರ್ ಕಾರ್ಖಾನೆಯಲ್ಲಿ ಬಾಟಲಿಗಳು ಪಟ್ಟಿಯ ಮೇಲೆ ಸಾಗುವುದನ್ನು ಕಂಡು, ತಟ್ಟೆಗಳೇ ಗಿರಾಕಿಯ ಮುಂದೆ ಸುತ್ತಿ ಬರುವ ಸುಶಿ ಅಂಗಡಿ ತೆರೆದ. ಕಡಿಮೆ ಆಳು, ಕಡಿಮೆ ಬೆಲೆ, ಬೇಗ ತಿಂದು ಎದ್ದುಹೋಗುವ ಗಿರಾಕಿ. ಜಯನಗರದ ದರ್ಶಿನಿಯೂ ಇದೇ ಲೆಕ್ಕದ ಮೇಲೆ ನಿಂತದ್ದು.

ಆದರೆ ಕಟ್ಟುವ ವಿಷಯದಲ್ಲಿ ಸುಶಿಗೆ ಒಂದು ಅನುಕೂಲವಿದೆ. ಅದನ್ನು ಸಾಮಾನ್ಯವಾಗಿ ಬಿಸಿಯಾಗಿ ತಿನ್ನುವುದಿಲ್ಲ. ಹುಳಿ ಬೆರೆತ ಅನ್ನ ಮೈಬಿಸಿಗೆ ಇಳಿದಾಗಲೇ ಅದರ ರುಚಿ. ಡಬ್ಬಿಯಲ್ಲಿ ಹಬೆ ಇಲ್ಲ, ಬೆವರಿಲ್ಲ. ಕೆಡುವುದು ಹೊರಗೆ ಸುತ್ತಿದ ಕಡಲಪಾಚಿಯ ಹಾಳೆ ಮಾತ್ರ. ಅನ್ನದ ಪಸೆ ಹೀರಿ ಮೆತ್ತಗಾಗುತ್ತದೆ. ಅದಕ್ಕೂ ಜಪಾನಿನವರು ದಾರಿ ಮಾಡಿಕೊಂಡಿದ್ದಾರೆ: ಹಾಳೆಗೂ ಅನ್ನಕ್ಕೂ ನಡುವೆ ತೆಳು ಪದರ ಇಟ್ಟು, ತಿನ್ನುವ ಹೊತ್ತಿಗೆ ಎಳೆದು ತೆಗೆಯುವಂತೆ ಕಟ್ಟಿದ ಅನ್ನದುಂಡೆಗಳು ಅಲ್ಲಿನ ಚಿಲ್ಲರೆ ಅಂಗಡಿಗಳಲ್ಲಿ ಸಿಗುತ್ತವೆ. ನಾರಾ ಸೀಮೆಯಲ್ಲಿ ಸುಶಿಯನ್ನು ಪರ್ಸಿಮನ್ ಹಣ್ಣಿನ ಮರದ ಎಲೆಯಲ್ಲಿ ಸುತ್ತುತ್ತಾರೆ, ಬೇರೆ ಕೆಲವು ಕಡೆ ಬಿದಿರೆಲೆಯಲ್ಲಿ. ಪೇಟೆಯ ಸುಶಿ ಡಬ್ಬಿಗಳಲ್ಲಿ ಮಾತ್ರ ಎಲೆಯ ಜಾಗದಲ್ಲಿ ಹಲ್ಲುಹಲ್ಲಾಗಿ ಕತ್ತರಿಸಿದ ಹಸಿರು ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಒಂದು ಕಾಲಕ್ಕೆ ಅದೂ ನಿಜವಾದ ಎಲೆಯೇ ಆಗಿತ್ತು. ಒಂದರ ರುಚಿ ಇನ್ನೊಂದಕ್ಕೆ ಹತ್ತದಿರಲೆಂದು, ಬೇಗ ಕೆಡದಿರಲೆಂದು ಇಡುತ್ತಿದ್ದರು.

ಎಲೆಯಲ್ಲಿ ಸುತ್ತುವುದರಲ್ಲಿ ನಾವೇನು ಕಡಿಮೆ? ಹಲಸಿನ ಎಲೆಯ ಕೊಟ್ಟೆ ಕಡುಬು, ಕೇದಗೆ ಎಲೆಯ ಮೂಡೆ, ಅರಿಶಿನ ಎಲೆಯ ಸಿಹಿ ಕಡುಬು, ಮುತ್ತುಗದ ಎಲೆಯ ಊಟ. ಕರಾವಳಿಯಿಂದ ಬಯಲುಸೀಮೆಯವರೆಗೆ ನಮ್ಮ ಅಡುಗೆಗೆ ಎಲೆ ಬರಿಯ ಹೊದಿಕೆಯಾಗಿರಲಿಲ್ಲ, ರುಚಿಯಲ್ಲೂ ಅದಕ್ಕೆ ಪಾಲಿತ್ತು. ನಾರಾದವರು ಇವತ್ತಿಗೂ ಎಲೆ ಸುತ್ತಿದ ಸುಶಿಯನ್ನು ತಮ್ಮ ಊರಿನ ಹೆಮ್ಮೆಯೆಂದು ರೈಲು ನಿಲ್ದಾಣದಲ್ಲಿ ಮಾರುತ್ತಾರೆ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ ಇರುವುದು ಬಳ್ಳಾರಿ ರಸ್ತೆಯ ಆಚೆ ಬದಿಯಲ್ಲೇ. ಬಾಳೆಎಲೆ, ಅಡಿಕೆ ಹಾಳೆ ಕೆಡದೆ ಬಾಳುವಂತೆ, ಬೈಕಿನ ಪೆಟ್ಟಿಗೆಯಲ್ಲಿ ಅಪ್ಪಚ್ಚಿಯಾಗದಂತೆ ಮಾಡುವ ವಿದ್ಯೆ ನಮ್ಮಲ್ಲಿ ಹುಟ್ಟಲಾರದ್ದೇನಲ್ಲ. ಹೊರಗೊಂದು ರಟ್ಟಿನ ಡಬ್ಬಿ, ಒಳಗೆ ಬಾಡಿಸಿದ ಎಲೆ, ಇಷ್ಟಾದರೂ ಸಾಕು ಎನ್ನುವುದು ಪಾರ್ಸೆಲ್ ಅಣ್ಣನ ಅಭಿಪ್ರಾಯ. ಖರ್ಚು ಎಷ್ಟಾದೀತು ಎಂದದ್ದಕ್ಕೆ ಬೆರಳಲ್ಲೇ ಲೆಕ್ಕ ಹಾಕಿ, “ಈಗ ತಗೊಳ್ಳೋ ಐದಕ್ಕೆ ಇನ್ನೆರಡು ಸೇರಿಸಿದ್ರೆ ಆಗುತ್ತೆ. ಜನ ಕೊಡ್ತಾರೆ, ಕೇಳೋ ಧೈರ್ಯ ಬೇಕು ಅಷ್ಟೇ,” ಎಂದರು.

ರಾತ್ರಿ ಒಂಬತ್ತಾದರೂ ಸಾಲು ಕರಗಿರಲಿಲ್ಲ. ಎಂಥ ರಶ್ಶಿನಲ್ಲೂ ಅವರು ಒಂದು ನಿಯಮ ತಪ್ಪಿಸುವುದಿಲ್ಲ. ಚಿಕ್ಕ ಮಗುವಿದ್ದವರ ಪೊಟ್ಟಣಕ್ಕೆ ಸಾಂಬಾರು ಕವರಿನಲ್ಲಿ ಬೇಡವೆಂದು ಗಟ್ಟಿ ಡಬ್ಬಿಗೇ ಹಾಕುತ್ತಾರೆ, ಗಿರಾಕಿ ಕೇಳದಿದ್ದರೂ. ಚಟ್ನಿಯ ಡಬ್ಬಿಯನ್ನು ಕೊನೆಯಲ್ಲಿ ಇಡುತ್ತಾರೆ, ನೆಟ್ಟಗೆ, ಎರಡು ಇಡ್ಲಿ ಡಬ್ಬಿಗಳ ಸಂದಿಯಲ್ಲಿ, ಬೈಕು ಗುಂಡಿಗೆ ಇಳಿದರೂ ಮಗುಚದ ಹಾಗೆ. ಅಮೃತಹಳ್ಳಿಯ ಗುಂಡಿಗಳ ಪರಿಚಯ ಅವರಷ್ಟು ಇನ್ನಾರಿಗೂ ಇರಲಾರದು. ಚಟ್ನಿ ಚೆಲ್ಲಿತೆಂದು ಆ್ಯಪಿನಲ್ಲಿ ದೂರು ಬಂದರೆ ಮಾಲೀಕರು ಮೊದಲು ನೋಡುವುದು ಇವರ ಕಡೆಗೆ. ಚೆಲ್ಲದೆ ತಲುಪಿದ ಪೊಟ್ಟಣಕ್ಕೆ ಮಾತ್ರ ಯಾರೂ ನಕ್ಷತ್ರ ಒತ್ತುವುದಿಲ್ಲ. ಅಡುಗೆ ಭಟ್ಟರ ಹೆಸರಿನಲ್ಲಿ ಹೋಟೆಲಿಗೆ ಜನ ಬರುತ್ತಾರೆ, ಕಟ್ಟುವವರ ಹೆಸರು ಗಿರಾಕಿಗೆ ಗೊತ್ತಿರುವುದಿಲ್ಲ. ಇವರ ಕೈಕೆಲಸ ನೋಡಿದ ಮೇಲೆ ನನಗೆ ಇದು ದೊಡ್ಡ ಅನ್ಯಾಯವೆಂದೇ ತೋರಿತು.

ಹೊರಡುವ ಹೊತ್ತಿಗೆ ಊರಿನ ಹಿರಿಯರೊಬ್ಬರು ನಾಲ್ಕು ಗಿಣ್ಣಲಿನ ಸ್ಟೀಲ್ ಕ್ಯಾರಿಯರ್ ಹಿಡಿದು ಬಂದರು. ತಮ್ಮ ತಂದೆಯ ಕಾಲದಲ್ಲಿ ಈ ರಸ್ತೆಯ ಎರಡೂ ಕಡೆ ತರಕಾರಿ ತೋಟವಿತ್ತು ಎಂದವರೇ, ಕ್ಯಾರಿಯರ್ ಬಿಚ್ಚಿ ಕೌಂಟರಿನ ಮೇಲಿಟ್ಟರು. ಪಾರ್ಸೆಲ್ ಅಣ್ಣ ಅವರಿಗೆ ತುಂಬಿದ ಚಟ್ನಿಯನ್ನು ತಲಕಾವೇರಿ ಲೇಔಟಿನ ಆ ತಾಯಿ ನೋಡಬೇಕಿತ್ತು, ಗಿಣ್ಣಲು ಕಂಠಮಟ್ಟ. ಮನೆಯಿಂದ ಪಾತ್ರೆ ತಂದವರಿಗೆ ಇಲ್ಲಿ ಆ ಐದು ರೂಪಾಯಿ ಇಲ್ಲ, ಅಳತೆಯೂ ಇಲ್ಲ. ಇದು ಹಳಬರಿಗಷ್ಟೇ ಗೊತ್ತು. ಎಲ್ಲರಿಗೂ ತಿಳಿಯುವ ಹಾಗೆ ಒಂದು ಬೋರ್ಡ್ ಬರೆಸಿ ಹಾಕಬಾರದೇ ಎಂದು ಕ್ಯಾಶ್ ಕೌಂಟರಿನವರನ್ನು ಕೇಳಿದೆ. ಮಾಲೀಕರನ್ನು ಕೇಳಿ ಹೇಳುತ್ತೇನೆ ಎಂದರು. ಒಳಗಿನಿಂದ ಪಾರ್ಸೆಲ್ ಅಣ್ಣನ ದನಿ ಬಂತು: “ಕೇಳೋದೇನಣ್ಣ, ನಾಳೆ ನಾನೇ ರಟ್ಟಿನ ಮೇಲೆ ಬರೆದು ಹಾಕ್ತೀನಿ. ಸ್ಕೆಚ್ ಪೆನ್ ಕೊಡ್ಸಿ.”